ಅರ್ಧಕ್ಕೆ ನಿಂತ ಮುಳ್ಳು

ನಮ್ಮ ಅತ್ತಿಗೆ ಇಪ್ಪತ್ತೆರಡು ವರ್ಷ ನನ್ನ ಬಸ್ಸಿಗೆ ಕಾಲಿಡಲಿಲ್ಲ. ನನ್ನ ಬಸ್ಸು ನಿಲ್ಲುವುದು ನಮ್ಮ ಬೀದಿಯ ತಿರುವಿನಲ್ಲೇ, ಮನೆಯಿಂದ ನೂರು ಹೆಜ್ಜೆ. ಆದರೂ ಪೇಟೆಗೆ ಹೋಗಬೇಕಾದಾಗ ಅವರು ಕೊಡೆ ಬಿಚ್ಚಿಕೊಂಡು ನನ್ನ ಹಿಂದಿನ ಬಸ್ಸಿಗೆ ಕಾಯುತ್ತಿದ್ದರು. ನಾನು ಬಾಗಿಲು ತೆರೆದು "ಬನ್ನಿ ಅತ್ತಿಗೆ, ಸೀಟಿದೆ" ಅಂತ ಕರೆದರೆ, ಇಡೀ ಬಸ್ಸಿಗೆ ಕೇಳುವ ಹಾಗೆ, "ಮುಳ್ಳು ನೋಡದ ಡ್ರೈವರ್ ಬಸ್ಸು ನಾನು ಹತ್ತಲ್ಲಪ್ಪ" ಅನ್ನುತ್ತಿದ್ದರು. ಪ್ರಯಾಣಿಕರು ಕಿಸಕ್ಕನೆ ನಗುತ್ತಿದ್ದರು. ನನಗೆ ಮೈಯೆಲ್ಲ ಉರಿದುಹೋಗುತ್ತಿತ್ತು. ಬಾಗಿಲು ಧಡಾರನೆ ಹಾಕಿ ಹೊರಟುಬಿಡುತ್ತಿದ್ದೆ.

ಮುಳ್ಳು ಅಂದರೆ ಡ್ರೈವರ್ ಎದುರಿಗಿರುವ ಟೆಂಪರೇಚರ್ ಮೀಟರಿನ ಮುಳ್ಳು. ಎಂಜಿನ್ನಿನ ಸುತ್ತ ಹರಿಯುವ ಕೂಲೆಂಟ್ ನೀರು ಎಷ್ಟು ಕಾದಿದೆ ಎಂದು ಅದು ತೋರಿಸುತ್ತದೆ. ಎಡತುದಿ ತಣ್ಣಗೆ, ಬಲತುದಿಯಲ್ಲಿ ಕೆಂಪು ಗೆರೆ. ಕೆಂಪು ಮುಟ್ಟಿದರೆ ಗಾಡಿ ನಿಲ್ಲಿಸಿ ಇಳಿಯಬೇಕು. ಇಷ್ಟು ನನಗೂ ಗೊತ್ತಿತ್ತು, ಆದರೆ ನಾನು ಆ ಕಡೆ ಕಣ್ಣು ಹಾಯಿಸುತ್ತಿರಲಿಲ್ಲ. ನನಗೆ ಮೂಗಿತ್ತು. ಎಂಜಿನ್ ಕಾಯುವ ಮುಂಚೆ ಒಂದು ಬಗೆಯ ಸಿಹಿ ವಾಸನೆ ಬರುತ್ತದೆ. ಅದು ಬಂದರೆ ನಾನು ಗಾಡಿ ಬದಿಗೆ ಹಾಕುತ್ತಿದ್ದೆ. "ನನಗೆ ಮೂಗೇ ಮೀಟರ್" ಎಂದು ಡಿಪೋದಲ್ಲಿ ಕಂಡಕಂಡವರ ಮುಂದೆ ಜಂಬ ಕೊಚ್ಚಿಕೊಂಡಿದ್ದೆ. ಆ ಜಂಬವೇ ಒಂದು ದಿನ ನನ್ನ ಕುತ್ತಿಗೆಗೆ ಬಂತು.

ಅದಕ್ಕೂ ಮುಂಚೆ ಅತ್ತಿಗೆಯ ವಿಷಯ ಹೇಳಿಬಿಡಬೇಕು.

ಅವರ ಅಪ್ಪ ಗಡಿಯಾರ ರಿಪೇರಿಯವರು. ಮದುವೆಯಾಗಿ ನಮ್ಮ ಮನೆಗೆ ಬಂದಾಗ ಅವರ ಕೈಯಲ್ಲೊಂದು ತಗಡಿನ ಪೆಟ್ಟಿಗೆ ಇತ್ತು. ಒಡವೆ ಇರಬಹುದು ಅಂತ ನಮ್ಮಮ್ಮ ಬಾಗಿಲು ಹಾಕಿಕೊಂಡು ಬಿಚ್ಚಿ ನೋಡಿದರೆ ಒಳಗೆ ಚಿಮುಟ, ಭೂತಗನ್ನಡಿ, ಉಗುರಿನಷ್ಟು ಸಣ್ಣ ಸ್ಕ್ರೂಡ್ರೈವರುಗಳು. ಅಮ್ಮನ ಮುಖ ಸಪ್ಪಗಾಗಿತ್ತು. ಆಮೇಲೆ ಗಡಿಯಾರ ಕೆಡುವುದೂ ಕಡಿಮೆಯಾಯಿತು, ಕೆಟ್ಟರೆ ರಿಪೇರಿ ಮಾಡಿಸುವವರೂ ಕಡಿಮೆಯಾದರು. ಅತ್ತಿಗೆ ತಲೆಯ ಮೇಲೆ ಕೈಹೊತ್ತು ಕೂರಲಿಲ್ಲ. "ಮುಳ್ಳು ಎಲ್ಲಿದ್ದರೂ ಮುಳ್ಳೇ ತಾನೇ" ಅಂತ ಲಾರಿ, ಕಾರು, ಟ್ರ್ಯಾಕ್ಟರುಗಳ ಮೀಟರ್ ಬಿಚ್ಚಲು ಶುರು ಮಾಡಿದರು. ಮೊದಲ ವರ್ಷ ಬಿಚ್ಚಿದ್ದೇ ಹೆಚ್ಚು, ಜೋಡಿಸಿದ್ದು ಕಡಿಮೆ. ಎರಡನೇ ವರ್ಷಕ್ಕೆ ಊರ ಲಾರಿಯವರೆಲ್ಲ ಅವರನ್ನು ಮುಳ್ಳಕ್ಕ ಅಂತ ಕರೆಯುತ್ತಿದ್ದರು.

ನಮ್ಮಣ್ಣ ದರ್ಜಿ. ಮನೆಯ ಮುಂದಿನ ಕೋಣೆಯಲ್ಲಿ ಎಡಗಡೆ ಅವನ ಹೊಲಿಗೆ ಯಂತ್ರ, ಬಲಗಡೆ ಅತ್ತಿಗೆಯ ಮೇಜು. ಹೊರಗೆ ಒಂದೇ ಬೋರ್ಡು: ಹೊಲಿಗೆ ಮತ್ತು ಮೀಟರ್. ಇಲ್ಲಿ ಬಟ್ಟೆಯನ್ನು ಮೀಟರ್ ಲೆಕ್ಕದಲ್ಲಿ ಮಾರುತ್ತಾರೆ ಅಂದುಕೊಂಡು ಬಂದವರೂ ಇದ್ದಾರೆ. ಅಣ್ಣನದು ಮಾತು ಕಡಿಮೆ. ಅವನ ಪಾಲಿನದನ್ನೂ ಅತ್ತಿಗೆಯೇ ಆಡುತ್ತಿದ್ದರು. ಬಣ್ಣ ಹೋದ ಮುಳ್ಳಿನ ತುದಿಗೆ ಒಂದೆಳೆ ಕೂದಲಿನಂಥ ಕುಂಚದಿಂದ ಕೆಂಪು ಬಳಿಯುವಾಗ ಮಾತ್ರ ಅವರು ಉಸಿರು ಬಿಗಿಹಿಡಿದು ಸುಮ್ಮನಿರುತ್ತಿದ್ದರು. ಆ ಹೊತ್ತಿಗೆ ಅಣ್ಣನೂ ಪೆಡಲ್ ತುಳಿಯುವುದನ್ನು ನಿಲ್ಲಿಸುತ್ತಿದ್ದ, ಮೇಜು ಅದುರಬಾರದೆಂದು.

ಅವರ ಒಂದು ಪದ್ಧತಿ ಎಲ್ಲರಿಗೂ ಗೊತ್ತಿತ್ತು. ಕೆಟ್ಟ ಸಾಮಾನನ್ನು ಒರೆಸಿ ತರುವ ಹಾಗಿರಲಿಲ್ಲ. ಯಾರಾದರೂ ಪಾಪ, ಮರ್ಯಾದೆಗೆ ಅಂತ ತೊಳೆದು ತಂದರೆ ಅವರಿಗೆ ಚೆನ್ನಾಗಿ ಬೀಳುತ್ತಿತ್ತು. "ಏನು ಕೆಟ್ಟಿದೆ ಅಂತ ಕೊಳೆ ಹೇಳುತ್ತೆ ಕಣಯ್ಯ. ನೀನು ಅದರ ಬಾಯಿಗೆ ಬಟ್ಟೆ ತುರುಕಿ ತಂದಿದ್ದೀಯ!" ಮೊದಲು ಭೂತಗನ್ನಡಿ, ಆಮೇಲೆ ಒರೆಸುವ ಬಟ್ಟೆ. ನಾನು ಇದನ್ನೆಲ್ಲ ನೋಡಿ ಮೂಗು ಮುರಿಯುತ್ತಿದ್ದೆ. "ಗೊಂಬೆಯಾಟ" ಅನ್ನುತ್ತಿದ್ದೆ. ನಾನು ನಲವತ್ತು ಜನರನ್ನು ಹೊತ್ತು ಏರು ಹತ್ತಿಸುವವನು, ಇವರು ಸೂಜಿ ಮೊನೆಗೆ ಬಣ್ಣ ಹಚ್ಚುವವರು! ಈಗ ಬರೆಯಲು ನಾಚಿಕೆಯಾಗುತ್ತದೆ, ಆದರೆ ಹಾಗೆ ಅಂದದ್ದು ನಿಜ.

ಇನ್ನು ಆ ದಿನದ ಮಾತು. ಆ ವಾರ ನನಗೆ ಭಯಂಕರ ನೆಗಡಿ. ಮೂಗು ಕಟ್ಟಿ, ಟೀ ಕುಡಿದರೆ ಬಿಸಿನೀರು ಕುಡಿದ ಹಾಗೆ. ಮೂಗಿಲ್ಲದೆ ಗಾಡಿ ಓಡಿಸಬೇಕಲ್ಲ ಎಂದು ಎದೆಯೊಳಗೆ ಅಳುಕಿತ್ತು. ಅದಕ್ಕೇ, ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ, ನಾನು ಮುಳ್ಳು ನೋಡಿದೆ. ಕದ್ದು ಕದ್ದು ನೋಡಿದೆ, ಯಾರಾದರೂ ಕಂಡಾರೆಂದು. ಏರಿನ ಬುಡದಲ್ಲಿ ನೋಡಿದೆ, ನಡುವೆ ನೋಡಿದೆ, ಮೇಲಿನ ತಿರುವಿನಲ್ಲಿ ನೋಡಿದೆ. ಮುಳ್ಳು ಅರ್ಧಕ್ಕಿಂತ ಒಂದು ಕೂದಲೆಳೆ ಕೆಳಗೆ ನಿಂತಿತ್ತು. ಸರಿ, ತಂಪಾಗಿದೆ ಅಂತ ಗಾಡಿ ಎಳೆಸಿದೆ. ತಿರುವು ದಾಟುತ್ತಲೇ ಎಂಜಿನ್ ಒಮ್ಮೆ ನರಳಿ ಗಕ್ಕನೆ ಹಿಡಿದುಕೊಂಡಿತು. ಮುಂದಿನಿಂದ ಬಿಳಿ ಹಬೆ ಭುಸ್ಸೆಂದು ಎದ್ದಿತು. ಬಸ್ಸು ಹಿಂದಕ್ಕೆ ಜಾರುವ ಮುಂಚೆ ಬ್ರೇಕ್ ಒತ್ತಿ ಹಿಡಿದು, ಒಬ್ಬೊಬ್ಬರನ್ನೇ ಇಳಿಸಿದೆ. ಯಾರಿಗೂ ಒಂದು ಗೀರೂ ಆಗಲಿಲ್ಲ. ಎಂಜಿನ್ ಮಾತ್ರ ಸತ್ತಿತ್ತು.

ಡಿಪೋದಲ್ಲಿ ಬಿಚ್ಚಿ ನೋಡಿದರೆ ರೇಡಿಯೇಟರ್ ತುಂಬ ಕೆಸರು ಕಟ್ಟಿತ್ತು. ನೀರು ಹರಿಯದೆ ಎಂಜಿನ್ ಕಾದು ಹಿಡಿದುಕೊಂಡಿತ್ತು. ಅಷ್ಟು ಕಾದಿದ್ದರೆ ಮುಳ್ಳು ಕೆಂಪಿಗೆ ಬಡಿದಿರಲೇಬೇಕು ಎಂದರು ಮ್ಯಾನೇಜರ್. ನಾನು "ಅರ್ಧಕ್ಕಿಂತ ಕೆಳಗಿತ್ತು ಸಾರ್, ಕಣ್ಣಾರೆ ನೋಡಿದೀನಿ" ಅಂದೆ.

ಅಲ್ಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಅದರಲ್ಲೂ ಆ ಹಾರ್ನ್! ಅವನೂ ಡ್ರೈವರೇ, ಬಾಯಿ ದೊಡ್ಡದು ಅಂತ ಆ ಹೆಸರು. "ನೀನು? ಮುಳ್ಳು ನೋಡಿದೆಯಾ? ನಿನ್ನ ಮೂಗು ಎಲ್ಲಿಗೆ ಹೋಗಿತ್ತಪ್ಪ?" ಅಂದ. ಮ್ಯಾನೇಜರ್ ನಗಲಿಲ್ಲ. ಮೇಸ್ತ್ರಿಯನ್ನು ಕರೆಸಿದರು.

ಮೇಸ್ತ್ರಿ ಡಿಪೋಗೆ ಬಂದು ಏಳು ತಿಂಗಳಾಗಿತ್ತು. ಮುಂಚೆ ನೀರಿನ ಪೈಪು, ಪಂಪುಗಳ ಕೆಲಸ ಮಾಡಿದವನು. ಅಚ್ಚುಕಟ್ಟು ಮನುಷ್ಯ, ಅದನ್ನು ಒಪ್ಪಲೇಬೇಕು. "ನನ್ನ ಕೈಲಿ ಕೂರಿಸಿದ್ದು ಒಂದು ಹನಿ ಸೋರಿದರೆ ಮೀಸೆ ಬೋಳಿಸ್ತೀನಿ" ಅನ್ನುತ್ತಿದ್ದ, ಸೋರುತ್ತಲೂ ಇರಲಿಲ್ಲ. ಅವನು ಬಂದಮೇಲೆ ಎಲ್ಲ ಬಸ್ಸುಗಳೂ ತಂಪಾಗಿ ಓಡುತ್ತಿವೆ, ಒಂದರ ಮುಳ್ಳೂ ಅರ್ಧ ದಾಟುವುದಿಲ್ಲ ಎಂದು ಡ್ರೈವರುಗಳೆಲ್ಲ ಅವನ ಬೆನ್ನು ತಟ್ಟುತ್ತಿದ್ದರು. ಅವನು ಮ್ಯಾನೇಜರ್ ಎದುರಿಗೇ ಪರೀಕ್ಷೆ ಮಾಡಿದ. ಎಂಜಿನ್ನಿನ ನೀರಲ್ಲಿ ಮೂತಿ ಅದ್ದಿ ಕೂರುವ ಹಿತ್ತಾಳೆಯ ಸೆನ್ಸರ್ ಒಂದಿದೆ, ಹೆಬ್ಬೆರಳಿನಷ್ಟು. ಅದರ ತಲೆಯ ಮೇಲಿನ ತಂತಿ ಕಿತ್ತು ಎಂಜಿನ್ನಿನ ಕಬ್ಬಿಣಕ್ಕೆ ತಾಗಿಸಿದ. ಮುಳ್ಳು ಛಂಗನೆ ಕೆಂಪಿಗೆ ಹಾರಿತು. "ಮೀಟರ್ ಸರಿ, ತಂತಿ ಸರಿ" ಅಂದ. ಆಮೇಲೆ ಸೆನ್ಸರನ್ನು ಬಿಚ್ಚಿ ಕುದಿಯುವ ನೀರಿಗೆ ಹಾಕಿ ಅಳೆದ. "ಸೆನ್ಸರೂ ಸರಿ" ಅಂದ. ಮೂರೂ ಸರಿಯಿದ್ದರೆ ಕೆಟ್ಟವನು ಯಾರು? ಎಲ್ಲರೂ ನನ್ನನ್ನೇ ನೋಡಿದರು.

ಬರುವ ಸೋಮವಾರ ವಿಚಾರಣೆ ಅಂತ ಕಾಗದ ಕೈಗೆ ಬಂತು. ತಪ್ಪು ಸಾಬೀತಾದರೆ ಕೆಲಸದಿಂದ ತೆಗೆದು ಲೈಸೆನ್ಸಿನ ಮೇಲೆ ಷರಾ ಬರೆಯುತ್ತಾರೆ. ಆ ಷರಾ ಬಿದ್ದವನಿಗೆ ಯಾವ ಕಂಪನಿಯೂ ಸ್ಟೀರಿಂಗ್ ಕೊಡುವುದಿಲ್ಲ. ನನಗೆ ಬೇರೆ ಏನೂ ಬರುವುದಿಲ್ಲ. ಗಾಡಿ ಓಡಿಸುವುದೊಂದೇ ನಾನು ಕಲಿತದ್ದು. ಅದಕ್ಕಿಂತ ಹೆಚ್ಚಾಗಿ, ನಿಜ ಹೇಳಿದ ಒಂದೇ ದಿನ ನಾನು ಸುಳ್ಳನಾಗಿದ್ದೆ.

ಮನೆಗೆ ಬಂದು ಬಾಗಿಲಲ್ಲೇ ಕುಸಿದು ಕೂತೆ. ಅತ್ತಿಗೆ ಕನ್ನಡಕ ಹಣೆಗೇರಿಸಿ ಎಲ್ಲ ಕೇಳಿಸಿಕೊಂಡರು. ಈಗ ಶುರುವಾಗುತ್ತದೆ ನೋಡಿ, ಇಪ್ಪತ್ತೆರಡು ವರ್ಷದ ಸೇಡು ಬಡ್ಡಿ ಸಮೇತ, ಅಂದುಕೊಂಡೆ.

"ಮುಳ್ಳು ಎಲ್ಲಿತ್ತು? ಸರಿಯಾಗಿ ಹೇಳು" ಅಂದರು ಅಷ್ಟೆ.

"ಅರ್ಧಕ್ಕಿಂತ ಒಂದು ಕೂದಲೆಳೆ ಕೆಳಗೆ."

"ಸರಿ. ಹಾಗಾದ್ರೆ ಅಲ್ಲೇ ಇತ್ತು."

"ನೀವು ನಂಬ್ತೀರಾ ಅತ್ತಿಗೆ?"

"ನೋಡಯ್ಯಾ, ನೀನು ಮುಳ್ಳು ನೋಡಲ್ಲ ಅಂತ ಜಂಬ ಪಡೋ ಆಸಾಮಿ. ನೋಡಿದೆ ಅಂತ ಬಾಯಿಬಿಟ್ಟು ಒಪ್ಕೋಬೇಕಾದ್ರೆ ನಿನಗೆ ಎಷ್ಟು ಅವಮಾನ ಆಗಿರಬೇಕು! ಅಂಥ ಸುಳ್ಳು ಯಾರಾದ್ರೂ ಹೇಳ್ತಾರಾ? ಏಳು, ಮುಖ ತೊಳ್ಕೋ. ಹೋಗಿ ಆ ಮೀಟರು, ಸೆನ್ಸರು ಎರಡೂ ತಗೊಂಡು ಬಾ."

ನನ್ನ ಕಣ್ಣು ತುಂಬಿಬಂತು. ಅತ್ತಿಗೆಗೆ ಕಾಣದಿರಲಿ ಅಂತ ಜೋರಾಗಿ ಸೀನಿದೆ.

ಮರುದಿನ ಡಿಪೋಗೆ ಹೋದೆ. ಬಿಚ್ಚಿದ ಸಾಮಾನೆಲ್ಲ ಶೆಡ್ಡಿನ ಗೋಡೆ ಬದಿಗೆ ಬಿದ್ದಿತ್ತು. "ತಗೊಂಡು ಹೋಗಪ್ಪ, ಮೇಸ್ತ್ರಿ ನೋಡಿ ಆಯ್ತಲ್ಲ" ಅಂದರು ಮ್ಯಾನೇಜರ್. ಸೆನ್ಸರ್ ಜಿಡ್ಡಾಗಿತ್ತು. ಅಭ್ಯಾಸಬಲ, ಒರೆಸೋಣ ಅಂತ ಚಿಂದಿ ಎತ್ತಿದೆ. ಬಾಯಿಗೆ ಬಟ್ಟೆ ತುರುಕಿದ್ದೀಯ ಅನ್ನುವ ಬೈಗುಳ ಕಿವಿಯಲ್ಲಿ ಕೇಳಿದ ಹಾಗಾಯಿತು. ಚಿಂದಿ ಬಿಸಾಡಿ, ಕೊಳೆ ಸಮೇತ ಕಾಗದದಲ್ಲಿ ಸುತ್ತಿ ತಂದೆ. ಜೀವನದಲ್ಲಿ ಅತ್ತಿಗೆಯ ಮಾತು ಕೇಳಿದ್ದು ಅದೇ ಮೊದಲು.

ಮಧ್ಯಾಹ್ನ ಅತ್ತಿಗೆ ಮೇಜಿನ ಮೇಲೆ ಬ್ಯಾಟರಿ ಇಟ್ಟು, ಅದರಿಂದ ಮೀಟರಿಗೆ, ಮೀಟರಿನಿಂದ ಸೆನ್ಸರಿಗೆ ತಂತಿ ಎಳೆದರು. ಸೆನ್ಸರಿನ ಹಿತ್ತಾಳೆ ಮೈಗೆ ಒಂದು ಕ್ಲಿಪ್ಪು ಕಚ್ಚಿಸಿ ಬ್ಯಾಟರಿಗೆ ವಾಪಸ್ ಸೇರಿಸಿದರು. ಸ್ಟವ್ ಮೇಲಿನ ಪಾತ್ರೆಯಲ್ಲಿ ಅದರ ಮೂತಿ ಅದ್ದಿದರು. ನೀರು ಕಾದ ಹಾಗೆ ಮುಳ್ಳು ಮೆಲ್ಲಗೆ ಏರುತ್ತ ಹೋಗಿ, ನೀರು ಕುದಿಯುವಾಗ ಕೆಂಪಿನ ಅಂಚಿಗೆ ಬಂದು ನಿಂತಿತು.

"ಮೇಸ್ತ್ರಿ ಹೇಳಿದ್ದೇ ಸರಿ ಅತ್ತಿಗೆ. ನನ್ನ ಕಥೆ ಮುಗೀತು."

"ಸುಮ್ನಿರು, ಎಲ್ಲದಕ್ಕೂ ಆತುರ. ಇದು ಹೇಗೆ ಕೆಲಸ ಮಾಡುತ್ತೆ ಅಂತ ಗೊತ್ತಾ ನಿನಗೆ?"

"ಬಿಸಿಯಾದ್ರೆ ಮುಳ್ಳು ಏಳುತ್ತೆ."

"ಅದು ಸಣ್ಣ ಮಗೂಗೂ ಗೊತ್ತು. ಕೇಳು. ಈ ಮೂತಿಯೊಳಗೆ ಒಂದು ಪುಟ್ಟ ಬಿಲ್ಲೆ ಇದೆ. ತಣ್ಣಗಿದ್ರೆ ಅದು ಕರೆಂಟನ್ನ ತಡೆಯುತ್ತೆ, ಸುಲಭಕ್ಕೆ ಬಿಡಲ್ಲ. ಬಿಸಿಯಾದ ಹಾಗೆಲ್ಲ ದಾರಿ ಬಿಡುತ್ತೆ. ಹೆಚ್ಚು ಕರೆಂಟ್ ಹೋದಷ್ಟೂ ಮುಳ್ಳು ಬಲಕ್ಕೆ. ಕರೆಂಟ್ ಬ್ಯಾಟರಿಯಿಂದ ಹೊರಟು, ಮೀಟರ್ ದಾಟಿ, ತಂತಿ ಹಿಡ್ಕೊಂಡು ಬಂದು, ಈ ಬಿಲ್ಲೆ ದಾಟಿ, ಮತ್ತೆ ಬ್ಯಾಟರಿಗೇ ವಾಪಸ್ ಹೋಗಬೇಕು. ಸುತ್ತು ಪೂರ್ತಿ ಆಗಬೇಕು. ಸೆನ್ಸರಿಗೆ ತಂತಿ ಎಷ್ಟಿದೆ?"

"ಒಂದು."

"ಬರೋಕೆ ಒಂದು. ಹೋಗೋಕೆ?"

ನಾನು ಪಾತ್ರೆಯ ಮೇಲೆ ಬಗ್ಗಿ ಸೆನ್ಸರನ್ನೇ ನೋಡಿದೆ.

"ಹೋಗೋಕೆ ಇದರ ಮೈಯೇ ದಾರಿ. ಈ ಕತ್ತಿನ ಥ್ರೆಡ್ಡು ಎಂಜಿನ್ನಿನ ಕಬ್ಬಿಣವನ್ನ ಕಚ್ಚಿಕೊಂಡಿರುತ್ತಲ್ಲ, ಅಲ್ಲಿಂದ ಇಳಿದು ಹೋಗುತ್ತೆ. ಅದೇ ಅರ್ಥಿಂಗ್. ಇಲ್ಲಿ ನಾನು ಕ್ಲಿಪ್ಪು ಹಾಕಿ ದಾರಿ ಕೊಟ್ಟಿದ್ದೀನಿ. ಬಸ್ಸಲ್ಲಿ ಕೊಟ್ಟೋರು ಯಾರು? ಮೇಸ್ತ್ರಿ ಒಂದೊಂದನ್ನೂ ಬೇರೆ ಬೇರೆ ನೋಡಿದ್ದಾನೆ. ಕೂತಿದ್ದ ಜಾಗದಲ್ಲೇ ಯಾರೂ ನೋಡಿಲ್ಲ."

ಅವರು ಸೆನ್ಸರ್ ಆರಿಸಿಕೊಂಡು ಭೂತಗನ್ನಡಿಯ ಕೆಳಗೆ ಹಿಡಿದರು. ಥ್ರೆಡ್ಡಿನ ಸುತ್ತುಗಳ ನಡುವೆ ಕಪ್ಪು ಜಿಡ್ಡು. ಎರಡನೇ ಸುತ್ತಿನ ಸಂದಿಯಿಂದ ಚಿಮುಟದ ತುದಿಯಲ್ಲಿ ಏನನ್ನೋ ಎಳೆದರು. ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ನಾರಿನ ಹಾಗೆ, ಬೆಳ್ಳಗೆ, ಅರ್ಧ ಉಗುರಿನಷ್ಟುದ್ದ.

"ದಾರನಾ ನೋಡ್ರಿ" ಅಂತ ಅಣ್ಣನ ಕಡೆ ಚಾಚಿದರು.

ಅಣ್ಣ ಯಂತ್ರ ನಿಲ್ಲಿಸಿ, ಎರಡು ಬೆರಳಲ್ಲಿ ಹಿಡಿದು ಎಳೆದ. "ದಾರ ಅಲ್ಲ. ಎಳೆ ಬಿಚ್ಚಲ್ಲ, ಹಿಗ್ಗುತ್ತೆ. ಹೆಣೆದದ್ದಲ್ಲ ಇದು" ಅಂದ. ಒಂದು ವಾರಕ್ಕಾಗುವಷ್ಟು ಮಾತಾಡಿದ ಅವತ್ತು.

ನನಗೆ ಮಿಂಚು ಹೊಡೆದ ಹಾಗಾಯಿತು. ಮೇಸ್ತ್ರಿಯ ಶರ್ಟಿನ ಜೇಬು! ಅದರಲ್ಲಿ ಸದಾ ಒಂದು ಬಿಳಿ ಟೇಪಿನ ಸುರುಳಿ. ನಲ್ಲಿ ಸೋರದಿರಲಿ ಅಂತ ಪೈಪಿನವರು ಥ್ರೆಡ್ಡಿಗೆ ಸುತ್ತುತ್ತಾರಲ್ಲ, ಅದೇ. ಮೇಸ್ತ್ರಿ ಯಾವ ಬೋಲ್ಟನ್ನೂ ಅದಿಲ್ಲದೆ ಕೂರಿಸುತ್ತಿರಲಿಲ್ಲ. ಬಂದ ಹೊಸದರಲ್ಲಿ ಒಂದು ಸೆನ್ಸರಿನ ಬುಡದಲ್ಲಿ ಹನಿ ಕಂಡು, ಎಲ್ಲ ಬಸ್ಸಿನವನ್ನೂ ಬಿಚ್ಚಿ ಟೇಪು ಸುತ್ತಿ ಕೂರಿಸಿದ್ದ. ಪರೀಕ್ಷೆಗೆ ಅಂತ ಬಿಚ್ಚಿದಾಗ ಹಳೆ ಟೇಪನ್ನು ಕಿತ್ತು ಎಸೆದಿದ್ದ. ಅವನ ಪಾಲಿಗೆ ಟೇಪು ಒಂದು ಸಾಮಾನೇ ಅಲ್ಲ.

"ಎಷ್ಟು ಸುತ್ತು ಹಾಕ್ತಾನೆ?" ಅತ್ತಿಗೆ ಕೇಳಿದರು.

"ಐದು. ಬಾಯಲ್ಲಿ ಎಣಿಸಿಕೊಂಡೇ ಸುತ್ತುತ್ತಾನೆ."

ನಾನು ಓಡಿಹೋಗಿ ಮೂಲೆಯಂಗಡಿಯಿಂದ ಟೇಪು ತಂದೆ. ಅತ್ತಿಗೆಯ ಮೇಜಿನಡಿಯಲ್ಲಿ ಹಳೆ ಎಂಜಿನ್ನಿನ ಒಂದು ಕಬ್ಬಿಣದ ತುಂಡಿತ್ತು, ಸೆನ್ಸರ್ ಕೂರುವ ತೂತಿನ ಸಮೇತ. ಐದು ಸುತ್ತು ಟೇಪು ಹಾಕಿ ಸೆನ್ಸರನ್ನು ಅದಕ್ಕೆ ಬಿಗಿದರು. ಕ್ಲಿಪ್ಪನ್ನು ಈ ಸಲ ಸೆನ್ಸರಿಗಲ್ಲ, ಕಬ್ಬಿಣಕ್ಕೆ ಕಚ್ಚಿಸಿದರು, ಬಸ್ಸಿನಲ್ಲಿ ಇರುವ ಹಾಗೆ. ಮೂತಿಯನ್ನು ಮತ್ತೆ ತಣ್ಣೀರಿನ ಪಾತ್ರೆಗೆ ಅದ್ದಿ ಸ್ಟವ್ ಹಚ್ಚಿದರು. ನೀರು ಕಾಯತೊಡಗಿತು. ಮುಳ್ಳು ಕಾಲು ಭಾಗಕ್ಕೆ ಬಂತು. ಮೂರೂ ಜನ ಉಸಿರು ಬಿಗಿಹಿಡಿದು ನೋಡುತ್ತಿದ್ದೆವು. ನೀರು ಕೊತಕೊತ ಕುದಿಯಿತು. ಮುಳ್ಳು ತೆವಳುತ್ತ ಬಂದು ನಿಂತಿತು. ಅರ್ಧಕ್ಕಿಂತ ಒಂದು ಕೂದಲೆಳೆ ಕೆಳಗೆ!

"ಇದೇ! ಅತ್ತಿಗೆ, ಇದೇ ಜಾಗ! ಇಲ್ಲೇ ಇತ್ತು!" ಅಂತ ನಾನು ಕಿರುಚಿದ ರಭಸಕ್ಕೆ ಅಣ್ಣನ ಮೇಜಿನ ಮೇಲಿನ ಗುಂಡಿಗಳ ಡಬ್ಬ ಉರುಳಿ ಕೋಣೆ ತುಂಬ ಗುಂಡಿ ಚೆಲ್ಲಿದವು. ಯಾರೂ ಬೈಯಲಿಲ್ಲ.

"ಟೇಪು ಪೂರ್ತಿ ತಡೆದಿದ್ರೆ ಮುಳ್ಳು ಏಳ್ತಾನೇ ಇರಲಿಲ್ಲ, ಯಾರಿಗಾದ್ರೂ ಅನುಮಾನ ಬಂದಿರೋದು" ಅಂದರು ಅತ್ತಿಗೆ. "ಅಲ್ಲಲ್ಲಿ ಹರಿದು ಅಷ್ಟಿಷ್ಟು ದಾರಿ ಬಿಟ್ಟಿದೆ. ತಣ್ಣಗಿದ್ದಾಗ ಬಿಲ್ಲೆಯ ತಡೆನೇ ದೊಡ್ಡದು, ಟೇಪಿನದು ಗೊತ್ತೇ ಆಗಲ್ಲ. ಬಿಸಿಯಾದಾಗ ಬಿಲ್ಲೆ ದಾರಿ ಬಿಟ್ಟರೂ ಟೇಪು ಬಿಡಲ್ಲ. ಎಂಜಿನ್ ಕಾದಷ್ಟೂ ದೊಡ್ಡ ಸುಳ್ಳು ಹೇಳುತ್ತೆ."

ಆಮೇಲೆ ಅವರ ಮುಖ ಗಂಭೀರವಾಯಿತು. "ಅಲ್ಲಯ್ಯಾ, ಬೇರೆ ಬಸ್ಸುಗಳ ಗತಿ?" ನಾನು ನನ್ನ ಕೆಲಸದ ಚಿಂತೆಯಲ್ಲಿದ್ದೆ. ಅವರು ಎಲ್ಲ ಬಸ್ಸಿನವರ ಚಿಂತೆಯಲ್ಲಿದ್ದರು. ಸೋಮವಾರ ಎರಡೇ ದಿನ ದೂರವಿತ್ತು. ಆದರೂ ಅತ್ತಿಗೆ ತಡೆಯಲಾರದೆ ಆಗಲೇ ಮ್ಯಾನೇಜರಿಗೆ ಫೋನ್ ಮಾಡಿಸಿದರು. "ವಿಚಾರಣೆಲಿ ಹೇಳಪ್ಪ, ಏನಿದ್ರೂ" ಅಂದು ಅವರು ಫೋನಿಟ್ಟರು.

ಸೋಮವಾರ ಬೆಳಿಗ್ಗೆ ಅಣ್ಣ ಹೊಲಿಗೆ ಯಂತ್ರಕ್ಕೆ ಹೊದಿಕೆ ಹಾಕಿ ಬಂದ. ಕೆಲಸದ ದಿನ ಅವನು ಹಾಗೆ ಮಾಡಿದ್ದನ್ನು ನಾನು ಕಂಡಿರಲಿಲ್ಲ. ಮೂವರೂ ಡಿಪೋಗೆ ನಡೆದೆವು. ಅತ್ತಿಗೆಯ ಚೀಲದಲ್ಲಿ ಏನೇನೋ ಯಂತ್ರ ಇರಬಹುದು ಅಂದುಕೊಂಡಿದ್ದೆ. ಇದ್ದದ್ದು ಮೊಳದುದ್ದದ ಒಂದು ತಂತಿ, ಎರಡು ತುದಿಗೂ ಕ್ಲಿಪ್ಪು, ಅಷ್ಟೆ.

"ಯಾರಮ್ಮ ನೀವು?" ಮ್ಯಾನೇಜರ್ ಕೇಳಿದರು.

"ಇವನ ಅತ್ತಿಗೆ. ಮೀಟರ್ ರಿಪೇರಿ ಮಾಡ್ತೀನಿ. ಇವನು ಮುಳ್ಳು ಅರ್ಧಕ್ಕಿತ್ತು ಅಂದದ್ದು ನಿಜ. ಐದು ನಿಮಿಷ ಕೊಡಿ, ತೋರಿಸ್ತೀನಿ."

ಮೇಸ್ತ್ರಿ ನಕ್ಕ. "ನಾನು ಪರೀಕ್ಷೆ ಮಾಡಿ ಆಗಿದೆಯಮ್ಮ. ಮನೆಯವರನ್ನ ಕರ್ಕೊಂಡು ಬಂದು ಅಳಿಸಿದ್ರೆ ಎಂಜಿನ್ ಸರಿಹೋಗಲ್ಲ."

"ನಾನು ಅಳೋಕೆ ಬಂದಿಲ್ಲಣ್ಣ. ಈಗ ತಾನೇ ಓಡಿ ಬಂದಿರೋ ಬಸ್ಸು ಯಾವುದಿದೆ?"

ಹಾರ್ನ್‌ನ ಬಸ್ಸು ಅಂಗಳದಲ್ಲಿ ಎಂಜಿನ್ ಆರಿಸದೆ ನಿಂತಿತ್ತು. ಆಗಷ್ಟೇ ಒಂದು ಸುತ್ತು ಮುಗಿಸಿ ಬಂದು, ಹತ್ತು ನಿಮಿಷದಲ್ಲಿ ಅದೇ ಏರಿನ ಕಡೆ ಹೊರಡಬೇಕಾಗಿತ್ತು. ಅರ್ಧ ಬಸ್ಸು ಜನ ಕೂತಾಗಿತ್ತು. ಅತ್ತಿಗೆ ಮ್ಯಾನೇಜರನ್ನೇ ಡ್ರೈವರ್ ಸೀಟಿನಲ್ಲಿ ಕೂರಿಸಿದರು. "ಮುಳ್ಳು ಎಲ್ಲಿದೆ ಕೂಗಿ ಹೇಳಿ ಸಾರ್." ಎಂಜಿನ್ನಿನ ಮುಚ್ಚಳ ಎತ್ತಿಸಿ ತಂತಿಯನ್ನು ಮೇಸ್ತ್ರಿಯ ಕೈಗೇ ಕೊಟ್ಟರು.

"ಅರ್ಧಕ್ಕಿಂತ ಸ್ವಲ್ಪ ಕೆಳಗೆ" ಎಂದು ಮ್ಯಾನೇಜರ್ ಕೂಗಿದರು.

"ಅಣ್ಣ, ಒಂದು ಕ್ಲಿಪ್ಪು ಸೆನ್ಸರಿನ ಹಿತ್ತಾಳೆ ಮೈಗೆ. ತಲೆ ಮೇಲಿನ ತಂತಿ ಮುಟ್ಟಬೇಡಿ. ಇನ್ನೊಂದು ಎಂಜಿನ್ನಿನ ಕಬ್ಬಿಣಕ್ಕೆ."

ಮೇಸ್ತ್ರಿ ಕಚ್ಚಿಸಿದ.

"ಅಯ್ಯಯ್ಯೋ!" ಮ್ಯಾನೇಜರ್ ಸೀಟಿನಿಂದ ಅರ್ಧ ಎದ್ದರು. "ಕೆಂಪು! ಕೆಂಪೊಳಗೇ ಹೋಯ್ತು!"

"ತೆಗೀರಿ ಅಣ್ಣ."

"ಇಳೀತು... ಅರ್ಧಕ್ಕೆ ಬಂತು."

ಆದರೆ ಮೇಸ್ತ್ರಿ ದಡ್ಡನಲ್ಲ. "ಇದರಲ್ಲೇನಿದೆ ಸಾರ್? ತಂತಿ ತಾಗಿಸಿದ್ರೆ ಯಾವ ಮುಳ್ಳಾದ್ರೂ ಹಾರುತ್ತೆ. ನಾನೂ ಅದೇ ಮಾಡಿ ತೋರಿಸಿದ್ದೆ!" ಅಂದ. ನನಗೂ ಹಾಗೇ ಅನ್ನಿಸಿತು. ಹೌದಲ್ಲ!

ಅತ್ತಿಗೆ ಖುಷಿಯಿಂದ ತಲೆಯಾಡಿಸಿದರು. "ಒಳ್ಳೇ ಪ್ರಶ್ನೆ ಅಣ್ಣ. ನೀವು ಬಿಲ್ಲೆಯನ್ನ ಬಿಟ್ಟು ನೇರ ಕಬ್ಬಿಣಕ್ಕೆ ತಾಗಿಸಿದ್ರಿ, ಆಗ ಮುಳ್ಳು ಕಣ್ಣುಮುಚ್ಚಿ ಹಾರುತ್ತೆ. ಇಲ್ಲಿ ಬಿಲ್ಲೆ ನಡುವೆಯೇ ಇದೆ, ನಾನು ಅದರಾಚೆಗಿನ ದಾರಿ ಮಾತ್ರ ಕೊಟ್ಟೆ. ನಂಬಿಕೆ ಇಲ್ಲಾಂದ್ರೆ ಬೆಳಿಗ್ಗೆಯಿಂದ ನಿಂತಿರೋ ಬಸ್ಸಿಗೆ ಹಾಕಿ ನೋಡಿ."

ಮೂಲೆಯಲ್ಲಿ ತಣ್ಣಗೆ ನಿಂತಿದ್ದ ಬಸ್ಸಿಗೆ ಎಲ್ಲರೂ ದುಡುದುಡು ನಡೆದರು. ಮ್ಯಾನೇಜರ್ ಒಳಗೆ ಹತ್ತಿ ಕೀ ತಿರುಗಿಸಿದರು. ಮೇಸ್ತ್ರಿ ಅದೇ ತಂತಿಯನ್ನು ಅದೇ ರೀತಿ ಕಚ್ಚಿಸಿದ. "ಅಲ್ಲೇ ಇದೆ. ತಣ್ಣಗೆ ಅಂತಲೇ ತೋರಿಸ್ತಿದೆ" ಎಂದರು ಮ್ಯಾನೇಜರ್. ಮೇಸ್ತ್ರಿ ಕ್ಲಿಪ್ಪು ತೆಗೆದ, ಮತ್ತೆ ಹಾಕಿದ, ಮತ್ತೆ ತೆಗೆದ. ಅವನ ಕೈ ಜೇಬಿನ ಬಿಳಿ ಸುರುಳಿಯ ಮೇಲೆ ಹೋಯಿತು. ಮುಖ ಬಿಳಿಚಿಕೊಂಡಿತು.

"ಹಾಗಾದ್ರೆ..." ಅಂದವನೇ ಹಾರ್ನ್‌ನ ಬಸ್ಸಿನ ಕಡೆ ತಿರುಗಿ ಅರಚಿದ, "ಲೋ, ಎಂಜಿನ್ ಆರಿಸೋ! ಅದು ಕೆಂಪಲ್ಲಿರೋದು ನಿಜ ಕಣೋ! ಜನರನ್ನ ಇಳಿಸು!"

ಜನ ಇಳಿದರು. ಎಂಜಿನ್ ಆರಿ ತಣ್ಣಗಾದ ಮೇಲೆ ರೇಡಿಯೇಟರ್ ಬಿಚ್ಚಿದರೆ ನನ್ನ ಬಸ್ಸಿನದಕ್ಕಿಂತ ದಪ್ಪ ಕೆಸರು. ಏರಿನ ಅರ್ಧ ದಾರಿಯೂ ತಡೆಯುತ್ತಿರಲಿಲ್ಲ. ಹಾರ್ನ್ ಒಂದು ಸದ್ದೂ ಮಾಡದೆ ತನ್ನ ಬಸ್ಸಿನ ಮೆಟ್ಟಿಲ ಮೇಲೆ ಕೂತುಬಿಟ್ಟ. ಆಮೇಲೆ ಎದ್ದು ಬಂದು ನನ್ನ ಕೈ ಹಿಡಿದುಕೊಂಡ. "ನಕ್ಕುಬಿಟ್ಟೆ ಕಣೋ, ತಪ್ಪಾಯ್ತು" ಅಂದ. ಅವನನ್ನು ನಾಲ್ಕು ಬೈಯಬೇಕೆಂದು ಅವನು ನಕ್ಕ ದಿನದಿಂದ ಮಾತು ಕೂಡಿಟ್ಟಿದ್ದೆ. ಒಂದೂ ನೆನಪಿಗೆ ಬರಲಿಲ್ಲ.

ಮ್ಯಾನೇಜರ್ ನನ್ನ ವಿಚಾರಣೆಯ ಕಾಗದವನ್ನು ಎಲ್ಲರ ಎದುರು ನಾಲ್ಕು ಚೂರು ಮಾಡಿದರು. "ಸ್ಟೀರಿಂಗ್ ನಿಂದೇನಪ್ಪ" ಅಂದರು. ಆಮೇಲೆ ಅತ್ತಿಗೆಯ ಕಡೆ ತಿರುಗಿ, "ಶನಿವಾರ ಫೋನಲ್ಲೇ ಕೇಳಿಸಿಕೊಳ್ಳಬೇಕಿತ್ತು ನಾನು. ಇನ್ನು ಮುಂದೆ ಈ ಡಿಪೋದ ಮೀಟರುಗಳೆಲ್ಲ ನಿಮ್ಮ ಕೈಗೇ ಬರ್ತವೆ" ಅಂದರು.

"ಒರೆಸದೆ ಕಳಿಸಿ" ಅಂದರು ಅತ್ತಿಗೆ.

ಆ ನಗು! ಡಿಪೋದ ತಗಡಿನ ಚಾವಣಿ ಹಾರಿಹೋಗಬೇಕು, ಹಾಗೆ ನಕ್ಕರು ಎಲ್ಲ. ನಾನು ನಗುತ್ತಿದ್ದೆನೋ ಅಳುತ್ತಿದ್ದೆನೋ ನನಗೇ ತಿಳಿಯಲಿಲ್ಲ. ಅತ್ತಿಗೆಯ ಕಾಲಿಗೆ ಬೀಳಲು ಬಗ್ಗಿದೆ. "ಏಳಯ್ಯಾ, ಎಣ್ಣೆ ನೆಲ, ಬಟ್ಟೆ ಹಾಳಾಗುತ್ತೆ, ಒಗೆಯೋಳು ನಾನು" ಅಂತ ರಟ್ಟೆ ಹಿಡಿದೆತ್ತಿದರು.

ಮೇಸ್ತ್ರಿ ಅದೇ ದಿನ ಎಲ್ಲ ಸೆನ್ಸರುಗಳ ಟೇಪು ಕಿತ್ತು, ಸೋರದ, ಕರೆಂಟನ್ನೂ ತಡೆಯದ ತಾಮ್ರದ ವಾಷರ್ ಹಾಕಿ ಬಿಗಿದ. ಸಂಜೆ ನಮ್ಮ ಮನೆ ಬಾಗಿಲಿಗೆ ಬಂದ. ಟೇಪಿನ ಸುರುಳಿಯನ್ನು ಅತ್ತಿಗೆಯ ಮೇಜಿನ ಮೇಲಿಟ್ಟ. "ಇದನ್ನ ಇನ್ನು ಮುಟ್ಟಲ್ಲಮ್ಮ" ಅಂದ.

"ಅಯ್ಯೋ, ಹಾಗಂದ್ರೆ ಹೇಗಣ್ಣ? ನಮ್ಮ ಅಡುಗೆಮನೆ ನಲ್ಲಿ ಒಂದು ವರ್ಷದಿಂದ ಸೋರ್ತಿದೆ. ಈ ಅಣ್ಣತಮ್ಮಂದಿರ ಕೈಲಿ ಆಗಲಿಲ್ಲ. ನಿಮ್ಮ ಕೈ ಬೀಳಲಿ."

ಮೇಸ್ತ್ರಿಯ ಮುಖ ಅರಳಿತು. ತೋಳು ಮಡಿಸಿ ಅಡುಗೆಮನೆಗೆ ಹೋದ. ಒಂದು, ಎರಡು, ಮೂರು, ನಾಲ್ಕು, ಐದು ಎಂದು ಎಣಿಸುವುದು ಮುಂದಿನ ಕೋಣೆಗೆ ಕೇಳಿಸುತ್ತಿತ್ತು. ಆ ನಲ್ಲಿ ಇವತ್ತಿಗೂ ಒಂದು ಹನಿ ಸೋರಿಲ್ಲ.

ಮೂರನೇ ದಿನ ಬೆಳಿಗ್ಗೆ ನನಗೆ ಬಸ್ಸು ಸಿಕ್ಕಿತು. ನಮ್ಮ ಬೀದಿಯ ತಿರುವಿನಲ್ಲಿ ನಿಲ್ಲಿಸಿದೆ. ಕೊಡೆ ಹಿಡಿದುಕೊಂಡು ಅತ್ತಿಗೆ ನಿಂತಿದ್ದರು. ಬಾಗಿಲು ತೆರೆದೆ, ಅಷ್ಟೆ. ಅವರು ಕೊಡೆ ಮಡಚಿದರು, ಮೆಟ್ಟಿಲು ಹತ್ತಿದರು, ನನ್ನ ಹಿಂದಿನ ಸೀಟಿನಲ್ಲಿ ಕೂತರು. ಏರು ಶುರುವಾಯಿತು. ನಾನು ಮುಳ್ಳು ನೋಡಿದೆ. ಮತ್ತೆ ನೋಡಿದೆ. ಕಾಲು ನಿಮಿಷಕ್ಕೊಮ್ಮೆ ನೋಡುತ್ತಲೇ ಇದ್ದೆ. ಹೆಗಲ ಮೇಲೆ ಕೊಡೆಯ ತುದಿ ಬಂದು ಕುಟ್ಟಿತು.

"ರಸ್ತೆ ನೋಡಯ್ಯಾ" ಅಂದರು ಅತ್ತಿಗೆ, ಇಡೀ ಬಸ್ಸಿಗೆ ಕೇಳುವ ಹಾಗೆ. "ಮುಳ್ಳು ನೋಡೋಕೆ ನಾನಿದ್ದೀನಿ."